ಹ್ಯಾಮ್ ಮೇಜಿನ ಕೈ ಉಪಕರಣ: ಯಾವುದನ್ನು ಮಾಡಿಕೊಳ್ಳಬೇಕು, ಯಾವುದಕ್ಕೆ ದುಡ್ಡು ಹಾಕಬೇಕು

ಹ್ಯಾಮ್ ರೇಡಿಯೊಗೆಂದೇ, ಅಂದರೆ ಹವ್ಯಾಸಿ ರೇಡಿಯೊ ಸಂಪರ್ಕಕ್ಕೆಂದೇ, ಬೇಕಾಗುವ ಕೈ ಉಪಕರಣಗಳು ಬಹಳ ಇಲ್ಲ. ಆಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲ್ ಸುಲಿಯಬೇಕು, ಕನೆಕ್ಟರ್ ಕ್ರಿಂಪ್ ಮಾಡಬೇಕು (ಒತ್ತಿ ಬಿಗಿಯಬೇಕು), ಕಾಯಿಲ್ ತಿದ್ದಬೇಕು, ತಾಮ್ರದ ಬೋರ್ಡಿನಲ್ಲಿ ದ್ವೀಪ ಕೊರೆಯಬೇಕು, ಮರದ ಮೇಲಿಂದ ಹಗ್ಗ ದಾಟಿಸಬೇಕು. ಎಲ್ಲಕ್ಕೂ ಅಂಗಡಿ ಸರಕಿದೆ, ಎಲ್ಲಕ್ಕೂ ಮನೆಯಲ್ಲೇ ಮಾಡಿಕೊಳ್ಳುವ ದಾರಿಯೂ ಇದೆ. ಎರಡನ್ನೂ ಬಳಸಿ ನೋಡಿದ ಮೇಲೆ ಬೆಲೆಯ ಲೆಕ್ಕಕ್ಕಿಂತ ದೊಡ್ಡದಾಗಿ ಕಂಡ ಪ್ರಶ್ನೆ ಒಂದೇ: ಕೆಲಸ ಕೆಟ್ಟರೆ ಅದು ಆಗಲೇ ಕಣ್ಣಿಗೆ ಕಾಣುತ್ತದೆಯೇ? ಕಾಣುವುದಾದರೆ ಮಾಡಿಕೊಂಡ ಉಪಕರಣ ಸಾಕು, ಆ ತುದಿ ಕತ್ತರಿಸಿ ಮತ್ತೆ ಶುರು ಮಾಡಬಹುದು. ತಪ್ಪು ಲೋಹದೊಳಗೆ ಅಡಗಿ ಕೂತು ಮುಂದಿನ ಮಳೆಗಾಲದಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾಕ್ಕೆ ಹೋಗದೆ ಸೆಟ್ಟಿನ ಕಡೆ ಹಿಂದಿರುಗುವ ಶಕ್ತಿಯನ್ನು ತೋರಿಸುವ ಅಂಕಿ) ಏರಿಸುವಂಥದ್ದಾದರೆ ಕೊಂಡದ್ದೇ ಬೇಕು.

ಕೇಬಲ್ ಸುಲಿಯುವುದು

ಆರ್‌ಜಿ-213 ಎಂಬ ದಪ್ಪ ಕೋಆಕ್ಸ್‌ಗೆ ಪಿಎಲ್-259 ಎಂಬ ಪ್ಲಗ್ ಬೆಸೆಯುವ ಕೆಲಸವನ್ನೇ ಹಿಡಿಯೋಣ. ಕೇಬಲ್‌ನ ಹೊರವ್ಯಾಸ 10.3 ಮಿ.ಮೀ., ಒಳಗಿನ ಪಾಲಿಥೀನ್ 7.25 ಮಿ.ಮೀ., ನಟ್ಟನಡುವೆ 0.75 ಮಿ.ಮೀ. ದಪ್ಪದ ಏಳು ತಾಮ್ರದೆಳೆ. ಹೊರಸಿಪ್ಪೆಯನ್ನು ತುದಿಯಿಂದ 28 ಮಿ.ಮೀ. ತೆಗೆಯಬೇಕು. ಅದರಲ್ಲಿ 16 ಮಿ.ಮೀ. ಬರಿ ಒಳತಂತಿ, 1 ಮಿ.ಮೀ. ಪಾಲಿಥೀನ್, ಉಳಿದ 11 ಮಿ.ಮೀ. ಬ್ರೇಡ್, ಅಂದರೆ ಪಾಲಿಥೀನ್ ಸುತ್ತ ಹೆಣೆದ ತಾಮ್ರದ ಬಲೆ. ನಡುವಿನ ಆ ಒಂದು ಮಿ.ಮೀ. ಬಿಡದಿದ್ದರೆ ಬ್ರೇಡಿನ ಒಂದೇ ಎಳೆ ಒಳತಂತಿಗೆ ತಾಕಿ ಶಾರ್ಟ್ ಆಗುತ್ತದೆ.

ಅಂಗಡಿಯಲ್ಲಿ ಸಿಗುವ ತಿರುಗಿಸುವ ಸ್ಟ್ರಿಪ್ಪರ್‌ಗಳಲ್ಲಿ ಹೆಚ್ಚಿನವು ಆರ್‌ಜಿ-58, 59, 6 ಕೇಬಲ್‌ಗೆಂದು ಮಾಡಿದವು. ಬ್ಲೇಡಿನ ಆಳವನ್ನು ಅಲೆನ್ ಕೀ ಹಾಕಿ ಬದಲಿಸಬಹುದು. ಬ್ಲೇಡ್‌ಗಳ ನಡುವಿನ ಅಂತರ ಮಾತ್ರ ಎಫ್ ಅಥವಾ ಬಿಎನ್‌ಸಿ ಕನೆಕ್ಟರಿನದು, ಅದು 28-16ರ ಲೆಕ್ಕಕ್ಕೆ ಕೂರುವುದಿಲ್ಲ. ಆರ್‌ಜಿ-58ಕ್ಕೆ ಬಿಎನ್‌ಸಿ ಹಾಕುವವರು ಇದನ್ನು ಕಣ್ಣು ಮುಚ್ಚಿ ಕೊಳ್ಳಬಹುದು, ಆದರೆ ಹೊಸ ಸ್ಟ್ರಿಪ್ಪರ್ ಬಂದ ದಿನವೇ ಒಂದು ಬೇಡದ ತುಂಡಿನ ಮೇಲೆ ಆಳ ಸರಿಮಾಡಿಕೊಳ್ಳಬೇಕು. ಕಾರ್ಖಾನೆ ಕೂರಿಸಿದ ಆಳಕ್ಕೆ ಬಿಟ್ಟರೆ ಬ್ಲೇಡ್ ಒಳತಂತಿಯ ಎಳೆಗಳಿಗೆ ಗೀರು ಹಾಕುವ ಅಪಾಯವಿದೆ. ಗೀರು ಬಿದ್ದ ಎಳೆ ಕೇಬಲ್ ಬಳುಕಿದ ಕಡೆ ಒಂದೊಂದಾಗಿ ತುಂಡಾಗುತ್ತದೆ.

ಆರ್‌ಜಿ-213ಕ್ಕೆ ಮಾಡಿಕೊಂಡದ್ದೇ ಗೆದ್ದಿತು. 40 ಮಿ.ಮೀ. ಚದರದ, 70 ಮಿ.ಮೀ. ಉದ್ದದ ತೇಗದ ತುಂಡು ತೆಗೆದುಕೊಳ್ಳಿ. ಮೇಲ್ಮೈಯಿಂದ 13.25 ಮಿ.ಮೀ. ಕೆಳಗೆ ಕೇಂದ್ರ ಗುರುತಿಸಿ, ಮೊದಲು 6 ಮಿ.ಮೀ., ಆಮೇಲೆ 10.5 ಮಿ.ಮೀ. ಬಿಟ್ ಹಾಕಿ ಉದ್ದಕ್ಕೂ ಆಚೆ ಬದಿಯವರೆಗೆ ತೂತು ಕೊರೆಯಿರಿ. ನೇರ ದೊಡ್ಡ ಬಿಟ್ಟನ್ನೇ ಹಾಕಿದರೆ ಅದು ಮರದ ನಾರಿನ ಜಾಡು ಹಿಡಿದು ಓರೆ ಹೋಗುತ್ತದೆ. ಹಿಂದಿನ ಬಾಯಿಗೆ ಮರದ ಬಿರಡೆ ಬಡಿದು ಅಂಟು ಹಾಕಿ. ಬಿರಡೆಯ ಒಳಮುಖದಿಂದ ಸರಿಯಾಗಿ 28 ಮಿ.ಮೀ. ಮುಂದಕ್ಕೆ, ತೂತಿಗೆ ಅಡ್ಡಲಾಗಿ, ಮೇಲಿನಿಂದ 10 ಮಿ.ಮೀ. ಆಳಕ್ಕೆ ಹ್ಯಾಕ್‌ಸಾ ಬ್ಲೇಡಿನಿಂದ ಸೀಳು ಹಾಕಿ. ಆ ಸೀಳಿನೊಳಗೆ 9 ಮಿ.ಮೀ. ಅಗಲದ ಪೇಪರ್ ಕಟರ್ ಬ್ಲೇಡನ್ನು ಅಲಗು ಕೆಳಗಾಗಿ ಇಳಿಸಿ, ಬೆನ್ನಿನ ಮೇಲೆ ಒಂದು ಲೋಹದ ಪಟ್ಟಿ ಇಟ್ಟು ಸ್ಕ್ರೂ ಬಿಗಿಯಿರಿ. ತೂತಿನ ಮೇಲಿರುವ ಮರ 8 ಮಿ.ಮೀ., ಬ್ಲೇಡ್ 9 ಮಿ.ಮೀ.; ಹಾಗಾಗಿ ಅಲಗು ತೂತಿನೊಳಗೆ ಒಂದು ಮಿ.ಮೀ. ಇಣುಕುತ್ತದೆ. ಸಿಪ್ಪೆಯ ದಪ್ಪ ಅದಕ್ಕಿಂತ ಕೂದಲಷ್ಟು ಹೆಚ್ಚು.

ಕೇಬಲ್ ತುದಿ ಬಿರಡೆಗೆ ತಾಗುವವರೆಗೆ ತೂರಿಸಿ, ಮೇಲಕ್ಕೆ ಒತ್ತಿ ಹಿಡಿದು ಎರಡು ಸುತ್ತು ತಿರುಗಿಸಿ. ಹೊರಗೆ ತೆಗೆದು ಗೀರಿದ ಜಾಗದಲ್ಲಿ ಬಗ್ಗಿಸಿದರೆ ಸಿಪ್ಪೆ ತಾನಾಗಿ ಬಿರಿಯಬೇಕು, ಬ್ರೇಡಿನ ಮೇಲೆ ಒಂದು ಗೀರೂ ಇರಬಾರದು. ಬಿರಿಯದಿದ್ದರೆ ಮರದ ಮೇಲ್ಮೈಯನ್ನು ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿ ಪಟ್ಟಿ ಮತ್ತೆ ಬಿಗಿಯಿರಿ. ಬ್ರೇಡ್ ಕತ್ತರಿಸುತ್ತಿದ್ದರೆ ಪಟ್ಟಿಯಡಿ ಕಾಗದದ ಹಾಳೆ ಇಡಿ. ಮಾಮೂಲಿ 80 ಜಿಎಸ್‌ಎಮ್ ಹಾಳೆ ಒಂದಕ್ಕೆ ಸುಮಾರು 0.1 ಮಿ.ಮೀ. ಆಳ ಕಡಿಮೆಯಾಗುತ್ತದೆ. ಇಷ್ಟು ಸೂಕ್ಷ್ಮವಾಗಿ ಆಳ ಹೊಂದಿಸುವ ಅನುಕೂಲ ಅಗ್ಗದ ಸ್ಟ್ರಿಪ್ಪರ್‌ನಲ್ಲಿ ಇಲ್ಲ.

ಬ್ರೇಡ್ ಕತ್ತರಿಸುವುದಕ್ಕೆ ಮಾತ್ರ ಏನನ್ನೂ ಮಾಡಿಕೊಳ್ಳಲು ಹೋಗಬೇಡಿ. ಫ್ರಿಜ್, ಎಸಿ ರಿಪೇರಿಯವರು ತಾಮ್ರದ ಕೊಳವೆಗೆ ಬಳಸುವ ಪುಟ್ಟ ಟ್ಯೂಬ್ ಕಟರ್ ಕೊಳ್ಳಿ. ಹ್ಯಾಮ್‌ಗಳಿಗೆಂದು ಯಾರೂ ಮಾಡಿದ್ದಲ್ಲ, ಆದರೂ ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಮೊದಲು ಬ್ರೇಡಿಗೆ ಫ್ಲಕ್ಸ್ ಸವರಿ, 60ರಿಂದ 80 ವ್ಯಾಟ್‌ನ ದಪ್ಪ ತುದಿಯ ಬೆಸುಗೆ ಐರನ್‌ನಿಂದ ತೆಳ್ಳಗೆ ಸೀಸ (ಬೆಸೆಯುವ ತವರ-ಸೀಸದ ಮಿಶ್ರಲೋಹ) ಹಿಡಿಸಿ. 63/37 ಸೀಸ 183 ಡಿಗ್ರಿಗೆ ಕರಗುತ್ತದೆ, ಒಳಗಿನ ಪಾಲಿಥೀನ್ ಅದಕ್ಕೆ ಬಹಳ ಮೊದಲೇ ಮೆತ್ತಗಾಗುತ್ತದೆ. ಆದ್ದರಿಂದ ಸಣ್ಣ ಐರನ್ ಇಟ್ಟುಕೊಂಡು ಹೊತ್ತು ಕಳೆಯುವುದು ಅಪಾಯ, ದೊಡ್ಡದನ್ನು ತಾಗಿಸಿ ಬೇಗ ಎತ್ತುವುದೇ ಕ್ಷೇಮ. ಪೂರ್ತಿ ತಣಿದ ಮೇಲೆ ಸಿಪ್ಪೆಯ ಅಂಚಿನಿಂದ 11 ಮಿ.ಮೀ. ದೂರದಲ್ಲಿ ಕಟರ್ ಕೂರಿಸಿ, ಪ್ರತಿ ಸುತ್ತಿಗೂ ಕಾಲು ತಿರುವಿನಂತೆ ಬಿಗಿಯುತ್ತ ಹೋಗಿ. ಸೀಸ ಹಿಡಿದ ಬ್ರೇಡ್ ಕೊಳವೆಯಂತೆ ಗಟ್ಟಿಯಾಗಿರುವುದರಿಂದ ಅಂಚು ಒಂದೇ ಸಮ ಕತ್ತರಿಸುತ್ತದೆ, ಎಳೆ ಕೆದರುವುದಿಲ್ಲ. ಆಮೇಲೆ 12 ಮಿ.ಮೀ. ಹತ್ತಿರ ಪಾಲಿಥೀನನ್ನು ಚಾಕುವಿನಿಂದ ಸುತ್ತ ಗೀರಿ, ತಿರುಚುತ್ತ ಎಳೆದು ತೆಗೆಯಿರಿ.

ಬೆಸೆಯುವಾಗ ಪ್ಲಗ್ ಹಿಡಿಯಲು ಹಳೆಯ ಎಸ್‌ಒ-239 ಸಾಕೆಟ್ ಒಂದನ್ನು ಹಲಗೆಗೆ ಸ್ಕ್ರೂ ಮಾಡಿಟ್ಟುಕೊಳ್ಳಿ. ಸಾಕೆಟ್ಟಿನ ಫ್ಲೇಂಜ್ ಮರಕ್ಕೆ ತಾಗಿರಬೇಕು. ಕಬ್ಬಿಣದ ವೈಸ್‌ನಲ್ಲಿ ಹಿಡಿದರೆ ಐರನ್ನಿನ ಶಾಖವೆಲ್ಲ ವೈಸ್‌ಗೆ ಇಳಿದುಹೋಗುತ್ತದೆ. ಪ್ಲಗ್‌ನ ಒಳಗಿನ ಇನ್ಸುಲೇಟರ್ ಅಗ್ಗದ ಪ್ಲಾಸ್ಟಿಕ್ಕಿನದಾಗಿದ್ದರೆ ಬಿಸಿಗೆ ಪಿನ್ ಓರೆಯಾಗುತ್ತದೆ, ಸಾಕೆಟ್ ಅದನ್ನು ನಡುವಿನಲ್ಲೇ ನಿಲ್ಲಿಸಿಕೊಳ್ಳುತ್ತದೆ. ಸಾಧ್ಯವಾದರೆ ಬಿಳಿ ಟೆಫ್ಲಾನ್ ಇನ್ಸುಲೇಟರಿನ ಪ್ಲಗ್ಗನ್ನೇ ಆರಿಸಿ. ಬೆಸೆಯುವ ಮೊದಲು ಹೊರಗಿನ ರಿಂಗನ್ನು ಕೇಬಲ್‌ಗೆ ತೂರಿಸಿದ್ದೀರಾ ಎಂದು ನೋಡಿ. ಈ ಕೆಲಸದಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ, ಬೆಸೆದಾದ ಮೇಲೆ ರಿಂಗ್ ಒಳಗೆ ಹೋಗುವುದಿಲ್ಲ.

ಕ್ರಿಂಪಿಂಗ್

ಇಲ್ಲಿ ವಾದಕ್ಕೆ ಜಾಗವಿಲ್ಲ, ಕೊಳ್ಳಿ. ಕ್ರಿಂಪ್ ಎಂದರೆ ಫೆರುಲನ್ನು (ಬ್ರೇಡಿನ ಮೇಲೆ ಕೂರುವ ಲೋಹದ ಪುಟ್ಟ ಕೊಳವೆಯನ್ನು) ಆರು ಕಡೆಯಿಂದ ಒಂದೇ ಸಮ, ಗೊತ್ತಾದ ಅಳತೆಗೆ ಒತ್ತುವುದು. ಆರ್‌ಜಿ-58ರ ಫೆರುಲಿಗೆ ಡೈ (ಒತ್ತುವ ಅಚ್ಚು) 5.41 ಮಿ.ಮೀ., ಆರ್‌ಜಿ-213ಕ್ಕೆ 10.9 ಮಿ.ಮೀ., ಸಣ್ಣ ಕೇಬಲ್ಲಿನ ನಡುಪಿನ್ನಿಗೆ 1.72 ಮಿ.ಮೀ. ರ‍್ಯಾಚೆಟ್ ಇರುವ ಉಪಕರಣ ಪೂರ್ತಿ ಒತ್ತುವವರೆಗೆ ಬಾಯಿ ಬಿಡುವುದಿಲ್ಲ, ಅದಕ್ಕೇ ದುಡ್ಡು ಕೊಡುವುದು. ಎರಡು ಉಕ್ಕಿನ ಪಟ್ಟಿಗಳ ನಡುವೆ ತೂತು ಕೊರೆದು ವೈಸ್‌ನಲ್ಲಿ ಒತ್ತುವ ಮನೆಯ ಡೈಯಲ್ಲಿ ಫೆರುಲ್ ಎರಡು ಬದಿಗೆ ಕಿವಿಯಂತೆ ಹಿಂಡಿ ಹೊರಬರುತ್ತದೆ. ಕೈಯಿಂದ ಎಳೆದರೆ ಬಿಗಿಯಾಗಿಯೇ ಇರುತ್ತದೆ, ಹೊರನೋಟಕ್ಕೂ ಪರವಾಗಿಲ್ಲ. ಆದರೆ ಕಿವಿಯ ಕೆಳಗೆ ಬ್ರೇಡಿಗೆ ಒತ್ತಡವಿಲ್ಲ. ಅಲ್ಲಿ ತೇವ ಸೇರಿ ತಾಮ್ರ ಕಪ್ಪಾಗುತ್ತದೆ.

ಕೊಳ್ಳುವಾಗಲೂ ಒಂದು ಎಚ್ಚರ ಬೇಕು. ಕೋಆಕ್ಸ್ ಕ್ರಿಂಪರ್ ಎಂದು ಕೊಡುವ ಕೆಲವು ಉಪಕರಣಗಳಲ್ಲಿ ಟಿವಿ ಕೇಬಲ್‌ನ ಡೈ ಮಾತ್ರ ಇರುತ್ತದೆ. ಡೈ ಮೇಲೆ ಕೆತ್ತಿರುವ ಅಂಕಿ ಓದಿ. ಒಂದು ಕ್ರಿಂಪ್ ಮಾಡಿ ಎದುರುಬದುರು ಮುಖಗಳ ನಡುವೆ ವರ್ನಿಯರ್ ಇಟ್ಟು ಅಳೆಯಿರಿ.

ಸೆಟ್ಟಿಗೆ ವಿದ್ಯುತ್ ಕೊಡುವ 13.8 ವೋಲ್ಟ್ ಸಾಲಿನ ಪವರ್‌ಪೋಲ್ ಕನೆಕ್ಟರಿನ ತುದಿಗಳಿಗೂ ಇದೇ ಮಾತು. ನೂರು ವ್ಯಾಟ್ ಸೆಟ್ ಪ್ರಸಾರ ಮಾಡುವಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ. ಇಕ್ಕಳದಲ್ಲಿ ಒತ್ತಿದ ತುದಿಯಲ್ಲಿ 10 ಮಿಲಿಓಮ್ ರೋಧ ಉಳಿದರೂ ಅಲ್ಲಿ 0.2 ವೋಲ್ಟ್ ಕಳೆದು 4 ವ್ಯಾಟ್ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಗೂಡಿನೊಳಗೆ ಅದು ಸಣ್ಣ ಶಾಖವಲ್ಲ. ಸಾಮಾನ್ಯ ಮಲ್ಟಿಮೀಟರ್‌ನ ಓಮ್ ಸ್ಥಾನದಲ್ಲಿ 10 ಮಿಲಿಓಮ್ ಕಾಣುವುದಿಲ್ಲ. ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಶಕ್ತಿಯನ್ನು ಶಾಖವಾಗಿ ಕಳೆಯುವ ರೋಧಕ) ಹಾಕಿ ಪ್ರಸಾರ ಮಾಡುತ್ತ, ಮೀಟರನ್ನು ಮಿಲಿವೋಲ್ಟ್‌ನಲ್ಲಿಟ್ಟು ಜೋಡಣೆಯ ಆಚೆ ಈಚೆ ಅಳೆಯಬೇಕು.

ತಿದ್ದುವ ಕಡ್ಡಿಗಳು

ಐಎಫ್‌ಟಿ (ರಿಸೀವರಿನೊಳಗಿನ, ಕೋರ್ ತಿರುಗಿಸಿ ತಿದ್ದುವ ಕಾಯಿಲ್) ಮತ್ತು ಟ್ರಿಮ್ಮರ್ (ತಿರುಗಿಸಿ ತಿದ್ದುವ ಪುಟ್ಟ ಕೆಪಾಸಿಟರ್) ತಿರುಗಿಸುವ ಲೋಹವಿಲ್ಲದ ಸ್ಕ್ರೂಡ್ರೈವರ್ ವಿಷಯದಲ್ಲಿ ಲೆಕ್ಕ ತಿರುಗಿಬೀಳುತ್ತದೆ. ಉಕ್ಕಿನ ತುದಿ ಕಾಯಿಲ್ ಹತ್ತಿರ ಬಂದರೆ ಇಂಡಕ್ಟನ್ಸೇ ಬದಲಾಗಿ, ತಿದ್ದಿ ಮುಗಿಸಿ ಕೈ ತೆಗೆದೊಡನೆ ಪೀಕ್ ಜಾರಿಹೋಗುತ್ತದೆ. ಅಗ್ಗದ ಪ್ಲಾಸ್ಟಿಕ್ ಸೆಟ್‌ನ ತುದಿಗಳು ಬಿಗಿಯಾದ ಫೆರೈಟ್ ಕೋರ್ ಎದುರು ತಿರುಚಿಕೊಳ್ಳುತ್ತವೆ. ಸೆರಾಮಿಕ್ ತುದಿಯದು ಬಹಳ ಚೆನ್ನ, ಆದರೆ ನೆಲಕ್ಕೆ ಬಿದ್ದರೆ ಚಕ್ಕೆ ಏಳುತ್ತದೆ, ಬೆಲೆಯೂ ಹೆಚ್ಚು. ಇವೆರಡರ ನಡುವಿನ ಜಾಗವನ್ನು ತಾಮ್ರ ತೆಗೆದ ಗ್ಲಾಸ್ ಇಪಾಕ್ಸಿ ಬೋರ್ಡಿನ ಚೂರು ತುಂಬುತ್ತದೆ. 0.8 ಮಿ.ಮೀ. ಬೋರ್ಡನ್ನು 3 ಮಿ.ಮೀ. ಅಗಲ, 150 ಮಿ.ಮೀ. ಉದ್ದ ಕತ್ತರಿಸಿ, ತುದಿಯನ್ನು ಕಾನಸಿನಿಂದ ಕೋರ್‌ನ ಸೀಳಿಗೆ ಬಿಗಿಯಾಗಿ ಕೂರುವಂತೆ ತೀಡಿ. ಸಡಿಲ ತುದಿಯೇ ಕೋರ್ ಒಡೆಯುವುದಕ್ಕೆ ಮುಖ್ಯ ಕಾರಣ. ಉದ್ದ ಕಡಿಮೆ ಮಾಡಬೇಡಿ, ಬೆರಳು ಹತ್ತಿರವಾದಷ್ಟೂ ಅದರ ಕೆಪಾಸಿಟೆನ್ಸ್ ಸೇರಿಕೊಳ್ಳುತ್ತದೆ. ಬಿದಿರ ಕಡ್ಡಿಯೂ ನಡೆಯುತ್ತದೆ, ಆದರೆ ಮಳೆಗಾಲದಲ್ಲಿ ತೇವ ಹೀರುತ್ತದೆ. ಕರಗಿದ ಮೇಣದಲ್ಲಿ ಅದ್ದಿ ಒರೆಸಿಡಬೇಕು. ಮೇಣ ಹಾಕಿ ಮುಚ್ಚಿದ ಕೋರ್ ಅಲುಗದಿದ್ದರೆ ಬಲ ಹಾಕದೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ.

ಇದರ ಜೊತೆಗೆ ಟ್ಯೂನಿಂಗ್ ವಾಂಡ್ ಒಂದನ್ನು ಮಾಡಿಕೊಳ್ಳದ ಹ್ಯಾಮ್ ಇರಬಾರದು. ಖಾಲಿ ಬಾಲ್ ಪೆನ್ನಿನ ಕೊಳವೆಯ ಒಂದು ತುದಿಗೆ ಹಳೆಯ ವಿಎಚ್‌ಎಫ್ ಕಾಯಿಲಿನ ಕೋರ್, ಇನ್ನೊಂದಕ್ಕೆ 10 ಮಿ.ಮೀ. ಉದ್ದದ ಹಿತ್ತಾಳೆ ಸ್ಕ್ರೂ, ಎರಡಕ್ಕೂ ಅರಾಲ್ಡೈಟ್. ಗಾಳಿಕಾಯಿಲಿನೊಳಗೆ ಕೋರ್ ಹೋದರೆ ಇಂಡಕ್ಟನ್ಸ್ ಏರುತ್ತದೆ. ಹಿತ್ತಾಳೆ ಹೋದರೆ ಅದರೊಳಗೆ ಹುಟ್ಟುವ ಸುಳಿ ಪ್ರವಾಹ ಕಾಯಿಲಿನ ಕಾಂತಕ್ಷೇತ್ರಕ್ಕೆ ಎದುರು ನಿಂತು ಇಂಡಕ್ಟನ್ಸ್ ಇಳಿಯುತ್ತದೆ. ಎರಡು ಮೀಟರ್ ಬ್ಯಾಂಡಿನ ಫಿಲ್ಟರ್ ತಿದ್ದುವಾಗ ಹಿತ್ತಾಳೆ ತುದಿಗೆ ಸಿಗ್ನಲ್ ಏರಿದರೆ ಸುತ್ತುಗಳನ್ನು ಅಗಲಿಸಿ, ಕೋರ್ ತುದಿಗೆ ಏರಿದರೆ ಒತ್ತರಿಸಿ. ಎರಡಕ್ಕೂ ಇಳಿದರೆ ಕಾಯಿಲ್ ಸರಿಯಾಗಿದೆ ಎಂದರ್ಥ, ಆದರೆ ಕೋರ್ ಮೀಡಿಯಂ ವೇವ್ ಫೆರೈಟಿನದಾಗಿದ್ದರೆ ಈ ತೀರ್ಮಾನ ನಂಬಬೇಡಿ. 145 ಮೆಗಾಹರ್ಟ್ಸ್‌ನಲ್ಲಿ ಆ ಫೆರೈಟ್ ಶಕ್ತಿಯನ್ನೇ ನುಂಗಿ ಸಿಗ್ನಲ್ ಇಳಿಸಿಬಿಡುತ್ತದೆ. ಟೊರಾಯ್ಡ್‌ಗಳಿಗೆ (ಉಂಗುರದ ಕೋರ್ ಮೇಲೆ ಸುತ್ತಿದ ಕಾಯಿಲ್‌ಗಳಿಗೆ) ಈ ಕಡ್ಡಿ ಕೆಲಸಕ್ಕೆ ಬಾರದು, ಅವುಗಳ ಕಾಂತಕ್ಷೇತ್ರ ಉಂಗುರದೊಳಗೇ ಸುತ್ತುತ್ತದೆ.

ದ್ವೀಪ ಕೊರೆಯುವ ಬಿಟ್

ಎಚಿಂಗ್ (ಬೇಡದ ತಾಮ್ರವನ್ನು ರಾಸಾಯನಿಕದಿಂದ ಕರಗಿಸುವುದು) ಮಾಡದೆ ಸರ್ಕ್ಯೂಟ್ ಕಟ್ಟುವವರಿಗೆ ತಾಮ್ರದ ಬೋರ್ಡಿನಲ್ಲಿ ಸುತ್ತಲಿನ ತಾಮ್ರದಿಂದ ಬೇರ್ಪಟ್ಟ ಸಣ್ಣ ಸಣ್ಣ ದ್ವೀಪಗಳು ಬೇಕು. ಉಕ್ಕಿನ ಕೊಳವೆಯ ಬಾಯಿಗೆ ಹಲ್ಲು ತೀಡಿ ಮಾಡಿಕೊಂಡ ಕಟರ್ ಕಂದು ಬಣ್ಣದ ಫಿನಾಲಿಕ್ ಬೋರ್ಡಿನಲ್ಲಿ ಸೊಗಸಾಗಿ ಕೊರೆಯುತ್ತದೆ, ಗ್ಲಾಸ್ ಇಪಾಕ್ಸಿಯಲ್ಲಿ ಬೇಗ ಮೊಂಡಾಗುತ್ತದೆ. ಗಾಜು, ಟೈಲ್ಸ್ ಕೊರೆಯಲೆಂದು ಮಾರುವ 6 ಮಿ.ಮೀ. ಡೈಮಂಡ್ ಕೋರ್ ಬಿಟ್ ಗಾಜಿನ ನಾರಿಗೆ ಹೆದರುವುದಿಲ್ಲ. ಅದಕ್ಕೆ ನಡುವೆ ಮೊಳೆ ಇಲ್ಲ, ಕೈ ಡ್ರಿಲ್‌ನಲ್ಲಿ ಹಾಕಿದರೆ ಬೋರ್ಡಿನ ಮೇಲೆಲ್ಲ ಜಾರಾಡುತ್ತದೆ. ಬಿಟ್ ಕೊಂಡು, ಅದಕ್ಕೆ 6 ಮಿ.ಮೀ. ತೂತಿರುವ ಮರದ ಹಲಗೆಯೊಂದನ್ನು ದಾರಿಯಾಗಿ ಮಾಡಿಕೊಂಡರೆ ಎರಡೂ ಕಡೆಯ ಲಾಭ. ತಾಮ್ರದ ಪದರ 35 ಮೈಕ್ರಾನ್ ಅಷ್ಟೆ, ಹಗುರವಾಗಿ ಒತ್ತಿದರೆ ಸಾಕು. ಗಾಜಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಬೋರ್ಡನ್ನು ಒದ್ದೆ ಮಾಡಿಕೊಂಡು ಮಾಸ್ಕ್ ಹಾಕಿ ಕೊರೆಯಿರಿ.

ಉಪಕರಣವೇ ಬೇಡ ಎನ್ನುವವರು 5 ಮಿ.ಮೀ. ಚದರದ ಬೋರ್ಡ್ ಚೂರುಗಳನ್ನು ಸೂಪರ್ ಗ್ಲೂ ಹಾಕಿ ಅಂಟಿಸಬಹುದು. 1.6 ಮಿ.ಮೀ. ದಪ್ಪದ ಚೂರೊಂದು ಸರ್ಕ್ಯೂಟಿನ ಗ್ರೌಂಡಿಗೆ ಸುಮಾರು 0.6 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಸೇರಿಸುತ್ತದೆ. ಎಚ್‌ಎಫ್‌ನಲ್ಲಿ (3ರಿಂದ 30 ಮೆಗಾಹರ್ಟ್ಸ್) ಅದು ಲೆಕ್ಕಕ್ಕಿಲ್ಲ.

ಹಗ್ಗ ದಾಟಿಸುವುದು

7.1 ಮೆಗಾಹರ್ಟ್ಸ್ ಡೈಪೋಲ್‌ಗೆ (ಎರಡು ತೋಳಿನ ತಂತಿ ಆಂಟೆನಾಕ್ಕೆ) ಒಟ್ಟು 20 ಮೀಟರ್ ತಂತಿ, ಅದನ್ನು ಎತ್ತಲು ಹತ್ತು ಮೀಟರ್ ಎತ್ತರದ ಎರಡು ಕೊಂಬೆ ಬೇಕು. ಕವಲು ಕಡ್ಡಿಗೆ ರಬ್ಬರ್ ಕಟ್ಟಿದ ಕವಣೆ, ಅದಕ್ಕೊಂದು ಮೀನಿನ ಗಾಳದ ರೀಲ್, 0.4 ಮಿ.ಮೀ. ನೈಲಾನ್ ದಾರ, 40 ಗ್ರಾಂ ಸೀಸದ ಗುಂಡು: ಮನೆಯಲ್ಲೇ ಜೋಡಿಸಿದ ಈ ಸಲಕರಣೆ ಕೊಂಡ ಲಾಂಚರಿಗೆ ಸಮ ಸಮ ನಿಲ್ಲುತ್ತದೆ. ಗಾಳದ ದಾರದ ಹಿಂದೆ 2 ಮಿ.ಮೀ. ಹುರಿ, ಅದರ ಹಿಂದೆ 5 ಮಿ.ಮೀ. ಹಗ್ಗ. ನೇರ ದಪ್ಪ ಹಗ್ಗವನ್ನೇ ಕಟ್ಟಿದರೆ ಗಂಟು ಕೊಂಬೆಯಲ್ಲಿ ಸಿಕ್ಕಿಬೀಳುತ್ತದೆ. ತೆಂಗಿನ ಗರಿಯ ಮೇಲೆ ಮಾತ್ರ ಹಾಕಬೇಡಿ, ಗರಿ ಒಣಗಿ ಉದುರಿದ ದಿನ ಆಂಟೆನಾವೂ ಕೆಳಗೆ.

ಮಲೆನಾಡಿನ ತೋಟದ ಮನೆಗಳಲ್ಲಿ ಅಡಿಕೆ ಕೊಯ್ಯುವ ದೋಟಿ ಇದ್ದೇ ಇರುತ್ತದೆ. ಅದರ ತುದಿಯಿಂದ ಹುರಿಯನ್ನು ಕೊಂಬೆಗೆ ದಾಟಿಸುವುದು ಕವಣೆಗಿಂತ ಗುರಿಯ ಕೆಲಸ. ಬಿದಿರಿನ ದೋಟಿಯನ್ನು ಆಂಟೆನಾ ಕಂಬವಾಗಿಯೂ ನಿಲ್ಲಿಸಬಹುದು. ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಎಷ್ಟು ಹಗುರವಾಗಿದ್ದರೂ ಕಂಬವಾಗಿ ಬೇಡ. ಕಾರ್ಬನ್ ವಿದ್ಯುತ್ ಹರಿಸುತ್ತದೆ, ಪಕ್ಕದಲ್ಲಿ ಇಳಿಬಿಟ್ಟ ವರ್ಟಿಕಲ್ ತಂತಿಯ ಟ್ಯೂನಿಂಗ್ ಕೆಡಿಸುತ್ತದೆ. ಅದೇ ಕಾರಣಕ್ಕೆ ಕರೆಂಟಿನ ತಂತಿ ಹಾದುಹೋಗುವ ಕಡೆ ಅದನ್ನೂ ಅಲ್ಯೂಮಿನಿಯಂ ದೋಟಿಯನ್ನೂ ಎತ್ತಲೇಬಾರದು. ಹಸಿ ಬಿದಿರೂ ಅಲ್ಲಿ ಸುರಕ್ಷಿತವಲ್ಲ. ದೋಟಿಯ ಪೂರ್ತಿ ಉದ್ದ ಬಿದ್ದರೂ ಲೈನಿಗೆ ತಾಗದಷ್ಟು ದೂರದ ಮರವನ್ನೇ ಆರಿಸಿಕೊಳ್ಳಿ.