ಬೋನಾಳ, ಕಾರಂಜಾ, ಚಂದ್ರಂಪಳ್ಳಿ: ಚಳಿಗಾಲದಲ್ಲಿ ಹಕ್ಕಿ ನೋಡಲು ಯಾವ ಕೆರೆ?

ಸರ್ಕಾರಿ ಕೆರೆ ದಂಡೆಯಲ್ಲಿ ಹಕ್ಕಿ ಬೇಟೆ ಆಡಬಹುದಾ ಎಂದು ಕೆಲವರು ಕೇಳುತ್ತಾರೆ. ಆಡುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅದನ್ನು ತಡೆಯುತ್ತದೆ, ತಡೆಯಲೇಬೇಕು. ಬಂದೂಕು ಬಿಡಿ, ದುರ್ಬೀನು ಹಿಡಿಯಿರಿ.

ಹಕ್ಕಿಗಳೇ ಮುಖ್ಯವಾದರೆ ಯಾದಗಿರಿ ಜಿಲ್ಲೆಯ ಸುರಪುರ ಬಳಿಯ ಬೋನಾಳಕ್ಕೆ ಹೋಗಿ. ಸುರಪುರದ ನಾಯಕರ ಕಾಲದ ಕೆರೆ, ಈಗ ಪಕ್ಷಿಧಾಮ. ನೀರು ಆಳವಿಲ್ಲದ ಕಡೆ ಕೊಕ್ಕರೆ, ಬಾತುಗಳು ಹತ್ತಿರದಲ್ಲೇ ಮೇಯುತ್ತವೆ. ಹೊಸಬರಿಗೆ ಗುರುತು ಹಿಡಿಯುವುದು ಸುಲಭ. ಆದರೆ ಮಳೆ ಕೈಕೊಟ್ಟ ವರ್ಷ ನೀರು ಇದೆಯಾ ಎಂದು ಊರವರನ್ನು ಮೊದಲು ಕೇಳಿ.

ಬೀದರ್ ಜಿಲ್ಲೆಯ ಕಾರಂಜಾ ಜಲಾಶಯ ತುಂಬಾ ವಿಶಾಲ. ಹಕ್ಕಿಗಳು ದೂರ ಕೂರುತ್ತವೆ, ಒಳ್ಳೆಯ ದುರ್ಬೀನು ಇಲ್ಲದಿದ್ದರೆ ಸುಮ್ನೆ ಚುಕ್ಕೆ ನೋಡಿದಂತೆ. ಹತ್ತಿರದ ಭಾಲ್ಕಿಗೆ ರೈಲು ಇರುವುದರಿಂದ ಖರ್ಚು ಕಡಿಮೆ.

ಚಂದ್ರಂಪಳ್ಳಿ ಜಲಾಶಯ ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಧಾಮದ ಒಳಗಿದೆ. ನೀರಿನ ಹಕ್ಕಿಗಿಂತ ಕಾಡಿನ ಹಕ್ಕಿ ಬೇಕಾದವರಿಗೆ, ಮಕ್ಕಳಿಗೆ ಕಾಡು ತೋರಿಸುವವರಿಗೆ ಇದೇ ಸರಿ. ಹೊರಡುವ ಮೊದಲು ಅರಣ್ಯ ಇಲಾಖೆಯವರನ್ನು ವಿಚಾರಿಸಿ. ಸ್ವಂತ ಗಾಡಿ ಇದ್ದರೆ ಒಳ್ಳೆಯದು.

ಎಲ್ಲಿಗೇ ಹೋದರೂ ಬೆಳಗ್ಗೆ ಬೇಗ ತಲುಪಿ. ನಮ್ಮ ಕಡೆ ಬಿಸಿಲು ಗೊತ್ತಲ್ವಾ, ಚಳಿಗಾಲದಲ್ಲೂ ಹತ್ತರ ಮೇಲೆ ಹಕ್ಕಿಗಳು ನೆರಳು ಹುಡುಕುತ್ತವೆ.