ಸ್ಕ್ರೀನ್‌ಶಾಟ್‌ನ ಕಪ್ಪು ಪಟ್ಟಿ ತೆಗೆಯಲು ಇಮೇಜ್‌ಮ್ಯಾಜಿಕ್: ಕೆಲವು ವರ್ಷ ಬಳಸಿದ ಮೇಲೆ

ಸಿನಿಮಾದ ಸ್ಕ್ರೀನ್‌ಶಾಟ್ ಹಂಚಿಕೊಳ್ಳುವ ಮುಂಚೆ ಮೇಲೆ ಕೆಳಗಿನ ಕಪ್ಪು ಪಟ್ಟಿ ತೆಗೆಯಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 1920×1080 ಫ್ರೇಮಿನಲ್ಲಿ ಅಗಲ ಪರದೆಯ ಸಿನಿಮಾ ಸಾಮಾನ್ಯವಾಗಿ 800 ಪಿಕ್ಸೆಲ್ ಸಾಲಿನಷ್ಟೇ ಇರುತ್ತದೆ. ಉಳಿದ 280 ಸಾಲು ಬರೀ ಕಪ್ಪು, ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ. ಅದನ್ನು ಚೌಕವಾಗಿ ಕತ್ತರಿಸಿ ತೋರಿಸುವ ಕಡೆ ಚೌಕದೊಳಗೂ ಪಟ್ಟಿ ಬಂದು ಕೂರುತ್ತದೆ. ಆದರೆ ಪಟ್ಟಿಯ ಜೊತೆ ಚಿತ್ರದ ಒಂದು ಸಾಲೂ ಹೋಗಬಾರದು. ಛಾಯಾಗ್ರಾಹಕರು ಯೋಚಿಸಿ ಕಟ್ಟಿದ ಚೌಕಟ್ಟು ಅದು.

ಈ ಕೆಲಸಕ್ಕೆ ನಾನು ಬಳಸುವುದು ಇಮೇಜ್‌ಮ್ಯಾಜಿಕ್. 1990ರಲ್ಲಿ ಬಿಡುಗಡೆಯಾದ ಹಳೇ ತಂತ್ರಾಂಶ, ಪೂರ್ತಿ ಉಚಿತ. ಗುಂಡಿ ಒತ್ತುವುದಿಲ್ಲ, ಕಮಾಂಡ್ ಟೈಪ್ ಮಾಡಬೇಕು.

ಪಟ್ಟಿ ತೆಗೆಯೋದು ಹೇಗೆ ಅಂತ ಕೇಳಿದರೆ ಬಹಳಷ್ಟು ಜನ ಇದರ ‘ಟ್ರಿಮ್’ ಆಯ್ಕೆ ಬಳಸಿ ಅಂತಾರೆ. ಅದು ಮೂಲೆಯ ಬಣ್ಣ ನೋಡಿ, ಅದೇ ಬಣ್ಣದ ಅಂಚನ್ನು ತಾನಾಗಿಯೇ ತೆಗೆದುಹಾಕುತ್ತದೆ. ಆದರೆ ಪಟ್ಟಿಯ ಕಪ್ಪು ಎಲ್ಲಾ ಕಡೆ ಒಂದೇ ಕಪ್ಪಲ್ಲ. ಚಿತ್ರ ಮುಗಿದು ಪಟ್ಟಿ ಶುರುವಾಗುವ ಗೆರೆಯನ್ನು ದೊಡ್ಡದು ಮಾಡಿ ನೋಡಿ, ವಿಡಿಯೊ ಕುಗ್ಗಿಸಿದ ಕಲೆಗಳು ಬೂದಿ ಬಣ್ಣದಲ್ಲಿ ಕಾಣುತ್ತವೆ. ಅದಕ್ಕೇ ‘ಫಜ್’ ಅನ್ನೋ ಆಯ್ಕೆಯಲ್ಲಿ ಶೇಕಡಾ 5ರಿಂದ 10ರಷ್ಟು ಸಡಿಲ ಕೊಡಬೇಕು. ಹಗಲಿನ ದೃಶ್ಯಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ರಾತ್ರಿ ದೃಶ್ಯದಲ್ಲಿ ಮಾತ್ರ ಕತ್ತಲ ಆಕಾಶವನ್ನೂ ಪಟ್ಟಿ ಅಂತಲೇ ತಿಳಿದು ಕತ್ತರಿಸುತ್ತದೆ. ಒಂದೇ ಸಿನಿಮಾದ ಒಂದು ಚಿತ್ರ 800 ಸಾಲು, ಇನ್ನೊಂದು 740 ಆದರೆ ಪಕ್ಕಪಕ್ಕ ಇಡೋಕಾಗುತ್ತಾ?

ನಾನು ನಂಬುವುದು ‘ಶೇವ್’ ಆಯ್ಕೆಯನ್ನು. ಶೇವ್ 0×140 ಅಂದರೆ ಮೇಲೆ 140, ಕೆಳಗೆ 140 ಸಾಲು ಹೋಯಿತು, ಅಷ್ಟೇ. ಅದು ಊಹೆ ಮಾಡುವುದಿಲ್ಲ. ಪ್ರತಿ ಸಿನಿಮಾಗೂ ಆ ಸಂಖ್ಯೆ ಒಂದು ಸಲ ಸಿಕ್ಕರೆ ಸಾಕು. ಬೆಳಕು ಚೆನ್ನಾಗಿರುವ ಒಂದು ಫ್ರೇಮನ್ನು ಟ್ರಿಮ್ ಮಾಡಿ, ಎತ್ತರ ಎಷ್ಟು ಉಳಿಯಿತು ಅಂತ ನೋಡಿಕೊಳ್ಳುತ್ತೇನೆ. 1080ರಲ್ಲಿ ಅದನ್ನು ಕಳೆದು ಅರ್ಧ ಮಾಡಿದರೆ ಶೇವ್‌ನ ಸಂಖ್ಯೆ ಸಿಕ್ಕಿತು. ಆಮೇಲೆ ‘ಮೊಗ್ರಿಫೈ’ ಕಮಾಂಡ್ ಇಡೀ ಫೋಲ್ಡರನ್ನು ಒಟ್ಟಿಗೆ ಮುಗಿಸುತ್ತದೆ. ಒಂದು ಎಚ್ಚರ: ಅದು ಮೂಲ ಫೈಲಿನ ಮೇಲೇ ಬರೆಯುತ್ತದೆ. ‘ಪಾತ್’ ಆಯ್ಕೆಯಲ್ಲಿ ಬೇರೆ ಫೋಲ್ಡರ್ ತೋರಿಸಿ. ಮಧ್ಯೆ ಮಧ್ಯೆ ಚಿತ್ರದ ಎತ್ತರವೇ ಬದಲಾಗುವ ಸಿನಿಮಾಗಳೂ ಇವೆ, ಅಂಥ ದೃಶ್ಯಗಳನ್ನು ಮೊದಲೇ ಬೇರೆ ಮಾಡಿಟ್ಟುಕೊಳ್ಳಬೇಕು.

ವಿಡಿಯೊ ಫೈಲ್ ಕೈಯಲ್ಲಿದ್ದರೆ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೊ ತಂತ್ರಾಂಶದ ‘ಕ್ರಾಪ್‌ಡಿಟೆಕ್ಟ್’ ಕೂಡ ಸಂಖ್ಯೆ ಹೇಳುತ್ತದೆ. ಆದರೆ ಅದು ತಾನಾಗಿ ಅಳತೆಯನ್ನು 16ರ ಗುಣಕಕ್ಕೆ ಇಳಿಸುತ್ತದೆ. ಅಗಲ ಎತ್ತರದ 1.85 ಪಟ್ಟಿರುವ ಸಿನಿಮಾ 1038 ಸಾಲಿದ್ದರೆ 1024 ಅನ್ನುತ್ತದೆ. ಹದಿನಾಲ್ಕು ಸಾಲು ಚಿತ್ರ ಸುಮ್ನೆ ಹೋಯಿತು ಅಲ್ವಾ? ಅದರ ‘ರೌಂಡ್’ ಆಯ್ಕೆಯನ್ನು 2 ಮಾಡಿದರೆ ಈ ತೊಂದರೆ ಇರುವುದಿಲ್ಲ.

ಸ್ಕ್ರೀನ್‌ಶಾಟನ್ನು ಪಿಎನ್‌ಜಿಯಲ್ಲೇ ತೆಗೆಯಿರಿ. ಜೆಪೆಗ್ ಆದರೆ ಕತ್ತರಿಸಿ ಮತ್ತೆ ಉಳಿಸುವಾಗ ಗುಣಮಟ್ಟ ಇನ್ನಷ್ಟು ಇಳಿಯುತ್ತದೆ. ಗುಣಮಟ್ಟ ಇಳಿಸದೆ ಕತ್ತರಿಸುವ ‘ಜೆಪೆಗ್‌ಟ್ರಾನ್’ ಅನ್ನೋ ತಂತ್ರಾಂಶ ಇದೆ, ಆದರೆ ಅದು 8 ಅಥವಾ 16 ಸಾಲಿನ ತುಂಡುಗಳ ಅಂಚಿನಿಂದಲೇ ಶುರು ಮಾಡಬೇಕು. 140 ಎರಡರಿಂದಲೂ ಸಮನಾಗಿ ಭಾಗವಾಗುವುದಿಲ್ಲ, ಹಾಗಾಗಿ ಮೇಲೆ ತೆಳ್ಳನೆ ಕಪ್ಪು ಗೆರೆ ಉಳಿದುಬಿಡುತ್ತದೆ.

ಇಮೇಜ್‌ಮ್ಯಾಜಿಕ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಯಾಕೆಂದರೆ ಹೊಸಬರಿಗೆ ಆಯ್ಕೆಗಳ ಹೆಸರು ನೋಡಿಯೇ ತಲೆ ತಿರುಗಬಹುದು. ಕತ್ತರಿಸುವ ಎಂಥ ತಂತ್ರಾಂಶವೂ ಬಗೆಹರಿಸಲಾಗದ್ದು ಕೆಳಗಿನ ಪಟ್ಟಿಯ ಮೇಲೆ ಕೂತ ಸಬ್‌ಟೈಟಲ್. ಪಟ್ಟಿ ಹೋದರೆ ಮಾತೂ ಹೋಗುತ್ತದೆ. ಎಂಪಿವಿ ಪ್ಲೇಯರ್ ಬಳಸುವವರು ದೊಡ್ಡ ‘ಎಸ್’ ಒತ್ತಿ ಸಬ್‌ಟೈಟಲ್ ಇಲ್ಲದೆ ಚಿತ್ರ ತೆಗೆಯಬಹುದು. ಮಾತೂ ಬೇಕಿದ್ದರೆ ಮೊದಲು ಸಣ್ಣ ‘ಆರ್’ ಒತ್ತುತ್ತಾ ಅದನ್ನು ಚಿತ್ರದೊಳಗೆ ಏರಿಸಿಕೊಳ್ಳಿ, ಆಮೇಲೆ ಸಣ್ಣ ‘ಎಸ್’ ಒತ್ತಿ.