ಮೊಬೈಲ್‌ಗೆ ಅಂಟಿಸುವ ‘ಸ್ಯಾಟಲೈಟ್ ಚಿಪ್’ ಸ್ಟಿಕ್ಕರ್: ಐದರಲ್ಲಿ ಅರ್ಧ ಸ್ಟಾರ್, ಅದೂ ಅಂಟಿಗೆ

ಕಾಸರಗೋಡು ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯೊಂದರಲ್ಲಿ ಬಂಗಾರದ ಬಣ್ಣದ ಸ್ಟಿಕ್ಕರ್ ನೇತು ಹಾಕಿದ್ದಾರೆ. 250 ರೂಪಾಯಿ. ‘ಉಪಗ್ರಹಗಳಲ್ಲಿ ಬಳಸುವ ರೇಡಿಯೇಶನ್ ತಡೆ ಚಿಪ್’ ಅಂತ ಪ್ಯಾಕೆಟ್ ಮೇಲೆ ಮೂರು ಭಾಷೆಯಲ್ಲಿದೆ, ಕನ್ನಡ ಮಾತ್ರ ಇಲ್ಲ (ಅದು ಬೇರೆ ಜಗಳ). ಮಾವ ಎರಡು ತಂದಿದ್ದರು, ಒಂದು ನನಗೆ ಕೊಟ್ಟರು. ಅಂಗಡಿಗೆ ಹೋಗಿ ಯಾವ ಉಪಗ್ರಹದ್ದು ಇದು ಅಂತ ಕೇಳಿದೆ. ‘ಅದೆಲ್ಲ ಗೊತ್ತಿಲ್ಲ ಮಾಷ್ಟ್ರೇ, ಒಳ್ಳೆ ಸೇಲ್ ಇದೆ’ ಅಂದರು.

ಬ್ಲೇಡಿನಲ್ಲಿ ಬಿಡಿಸಿ ನೋಡಿದೆ. ಮೇಲೆ ಪ್ಲಾಸ್ಟಿಕ್, ನಡುವೆ ತೆಳು ಲೋಹದ ಹಾಳೆ, ಕೆಳಗೆ ಅಂಟು. ಸರ್ಕ್ಯೂಟ್ ಇಲ್ಲ, ಕರೆಂಟ್ ಬರುವ ದಾರಿಯೂ ಇಲ್ಲ. ಮಾವನದನ್ನು ಫೋನಿಗೆ ಅಂಟಿಸಿ, ಒಂದೇ ಜಾಗದಲ್ಲಿ ಕೂತು ಸಿಗ್ನಲ್ ಎಷ್ಟಿದೆ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿದೆ. ಮೊದಲಿನಷ್ಟೇ. ಅದು ನಿಜವಾಗಿ ಅಲೆಗಳನ್ನು ತಡೆದರೆ ಕಾಲ್ ಹೋಗಬಾರದು, ಕಾಲ್ ಹೋಗುತ್ತಿದೆ ಅಂದರೆ ಅದು ಏನನ್ನೂ ತಡೆದಿಲ್ಲ, ಅಷ್ಟೇ ಅಲ್ವಾ? ಸ್ವಲ್ಪ ತಡೆದರೆ ಇನ್ನೂ ತೊಂದರೆ. ಟವರ್ ಸಿಗದ ಫೋನು ಇನ್ನಷ್ಟು ಜೋರಾಗಿ ಅಲೆ ಬಿಡುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದನ್ನೇ ಹೇಳಿ ಜನರನ್ನು ಎಚ್ಚರಿಸಿದೆ, 2002ರಲ್ಲಿ ಇಂಥ ಅಂಟುಪಟ್ಟಿ ಮಾರುವವರ ಮೇಲೆ ಕೇಸೂ ಹಾಕಿತ್ತು.

ನನಗೆ ಸಿಟ್ಟು ಬಂದದ್ದು ‘ಉಪಗ್ರಹ’ ಅಂತ ಬರೆದದ್ದಕ್ಕೆ. ಫೋನಿನ ಅಲೆಗೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕುವಷ್ಟು ಶಕ್ತಿ ಇಲ್ಲ. ಬಾಹ್ಯಾಕಾಶದಲ್ಲಿ ಸೂರ್ಯನಿಂದ, ಅದರಾಚೆಯಿಂದ ಬರುವ ಪ್ರೋಟಾನ್‌ಗಳಿಗೆ, ಭಾರದ ಅಯಾನುಗಳಿಗೆ (ಚಾರ್ಜ್ ಇರುವ ಪರಮಾಣುಗಳಿಗೆ) ಆ ಶಕ್ತಿ ಇದೆ. ಅವು ಚಿಪ್ಪನ್ನು ಕೆಡಿಸುವುದು ಎರಡು ಥರ. ಒಂದು ನಿಧಾನದ್ದು, ಮಳೆಗಾಲದಲ್ಲಿ ಗೋಡೆ ನೀರು ಕುಡಿದ ಹಾಗೆ: ಟ್ರಾನ್ಸಿಸ್ಟರಿನ (ಚಿಪ್ಪಿನೊಳಗಿನ ಪುಟ್ಟ ಸ್ವಿಚ್ಚಿನ) ಆಕ್ಸೈಡ್ ಎಂಬ ಇನ್ಸುಲೇಟರ್ ಪದರದಲ್ಲಿ ವರ್ಷಗಟ್ಟಲೆ ಚಾರ್ಜ್ ಸೇರುತ್ತಾ ಹೋಗುತ್ತದೆ, ಕೊನೆಗೆ ಆಫ್ ಆಗಬೇಕಾದ ಟ್ರಾನ್ಸಿಸ್ಟರ್ ಪೂರ್ತಿ ಆಫ್ ಆಗುವುದಿಲ್ಲ, ಕರೆಂಟ್ ಸೋರುತ್ತದೆ. ಇನ್ನೊಂದು ಒಂದೇ ಕ್ಷಣದ್ದು. ಒಂದೇ ಒಂದು ಕಣ ಸಿಲಿಕಾನ್ ಒಳಗೆ ನುಗ್ಗಿ ಹೋದ ದಾರಿಯಲ್ಲಿ ಚಾರ್ಜ್ ಬಿಟ್ಟು ಹೋಗುತ್ತದೆ, ಮೆಮರಿಯಲ್ಲಿ 0 ಇದ್ದದ್ದು 1 ಆಗುತ್ತದೆ. ಗ್ರಹಚಾರ ಕೆಟ್ಟರೆ ಚಿಪ್ಪಿನ ಒಳಗೇ ಶಾರ್ಟ್ ಆದ ಹಾಗೆ ಕರೆಂಟ್ ಹರಿಯತೊಡಗುತ್ತದೆ, ಇದಕ್ಕೆ ಲ್ಯಾಚ್-ಅಪ್ ಅಂತಾರೆ, ಬೇಗ ಪವರ್ ಕಟ್ ಮಾಡದಿದ್ದರೆ ಚಿಪ್ ಸುಟ್ಟೇ ಹೋಗಬಹುದು.

ಇದಕ್ಕೆ ಹೊರಗಿನಿಂದ ಅಂಟಿಸುವ ಮದ್ದು ಸಾಲುವುದಿಲ್ಲ. ಅಲ್ಯೂಮಿನಿಯಂ ಪೆಟ್ಟಿಗೆ ಕಡಿಮೆ ಶಕ್ತಿಯ ಕಣಗಳನ್ನು ತಡೆಯುತ್ತದೆ, ಜೋರಿನವು ಅದನ್ನೂ ದಾಟಿ ಬರುತ್ತವೆ. ಹಾಗಾಗಿ ಚಿಪ್ ಮಾಡುವಾಗಲೇ ಕೆಲಸ ಶುರು. ಟ್ರಾನ್ಸಿಸ್ಟರುಗಳ ಅಡಿಯಲ್ಲಿ ಇನ್ಸುಲೇಟರ್ ಪದರ ಹಾಸಿದರೆ ಕಣ ಬಿಟ್ಟ ಚಾರ್ಜ್ ಜಾಸ್ತಿ ಸೇರುವುದಿಲ್ಲ, ಲ್ಯಾಚ್-ಅಪ್ಪಿಗೆ ದಾರಿಯೇ ಇರುವುದಿಲ್ಲ. ಗೇಟನ್ನು, ಅಂದರೆ ಟ್ರಾನ್ಸಿಸ್ಟರನ್ನು ಆನ್-ಆಫ್ ಮಾಡುವ ಭಾಗವನ್ನು, ಉಂಗುರದ ಆಕಾರದಲ್ಲಿ ಬರೆದರೆ ಅಂಚಿನಲ್ಲಿ ಸೋರುವುದು ನಿಲ್ಲುತ್ತದೆ, ಆದರೆ ಜಾಗ ಜಾಸ್ತಿ ತಿನ್ನುತ್ತದೆ. ಆಮೇಲೆ ಒಂದೇ ಲೆಕ್ಕವನ್ನು ಮೂರು ಸರ್ಕ್ಯೂಟ್‌ಗಳಿಂದ ಮಾಡಿಸಿ, ಎರಡು ಒಪ್ಪಿದ್ದನ್ನು ಸರಿ ಅಂತ ತೆಗೆದುಕೊಳ್ಳುವುದು. ಮೆಮರಿಗೆ ಹೆಚ್ಚುವರಿ ಬಿಟ್ ಸೇರಿಸಿ, ಆಗಾಗ ಪೂರ್ತಿ ಓದಿ, ತಪ್ಪಿದ್ದನ್ನು ತಿದ್ದಿ ಬರೆಯುವುದೂ ಇದೆ.

ಇಷ್ಟೆಲ್ಲ ಮಾಡಿದ ಚಿಪ್ ಹೇಗಿರುತ್ತದೆ? ಮಂಗಳದಲ್ಲಿರುವ ಕ್ಯೂರಿಯಾಸಿಟಿ ಮತ್ತು ಪರ್ಸೆವೆರೆನ್ಸ್ ರೋವರುಗಳ ಒಳಗಿರುವ ರ‍್ಯಾಡ್750 ಪ್ರೊಸೆಸರಿನ ವೇಗ 200 ಮೆಗಾಹರ್ಟ್ಸ್ ಸುತ್ತಮುತ್ತ, ಬೆಲೆ ಲಕ್ಷಗಟ್ಟಲೆ ಡಾಲರ್. ಮಾವನ ಫೋನು ಇದರ ಹತ್ತು ಪಟ್ಟು ಓಡುತ್ತದೆ. ತಮಾಷೆ ಅಂದರೆ, ಪರ್ಸೆವೆರೆನ್ಸ್ ಜೊತೆ ಹೋದ ಇಂಜೆನ್ಯುಯಿಟಿ ಹೆಲಿಕಾಪ್ಟರಿನಲ್ಲಿ ಇದ್ದದ್ದು ಸ್ನ್ಯಾಪ್‌ಡ್ರ್ಯಾಗನ್ 801, ಅಂದರೆ ಫೋನಿನ ಚಿಪ್ಪೇ. ಐದು ಸಲ ಹಾರಿದರೆ ಸಾಕು ಅಂತ ಕಳಿಸಿದ್ದು 72 ಸಲ ಹಾರಿತು. ಈ ಸ್ಟಿಕ್ಕರ್ ಅಂಟಿಸದೆಯೇ!

ನಮ್ಮ ಕೇರಳದ್ದೇ ಉದಾಹರಣೆ ಬೇಕಾದರೆ ತಿರುವನಂತಪುರದ ವಿಕ್ರಂ ಸಾರಾಭಾಯ್ ಬಾಹ್ಯಾಕಾಶ ಕೇಂದ್ರ ರೂಪಿಸಿದ, ರಾಕೆಟ್ಟಿನಲ್ಲಿ ಬಳಸುವ ವಿಕ್ರಂ 3201 ಪ್ರೊಸೆಸರ್ ಇದೆ. ಮೊಹಾಲಿಯ ಸರ್ಕಾರಿ ಕಾರ್ಖಾನೆಯಲ್ಲಿ 180 ನ್ಯಾನೋಮೀಟರ್‌ನಲ್ಲಿ ಮಾಡಿದ್ದು. ಫೋನಿನ ಲೆಕ್ಕದಲ್ಲಿ ಅದು ಅಜ್ಜನ ಕಾಲದ ಸೈಜು, ಆದರೆ ರಾಕೆಟ್ಟಿನ ಒಳಗಿನ ಬಿಸಿ, ಅದುರಾಟಕ್ಕೆಲ್ಲ ಪಾಸಾಗಿದೆ. ಪಿಎಸ್ಎಲ್‌ವಿ-ಸಿ60 ರಾಕೆಟ್ಟಿನಲ್ಲಿ ಹಾರಿಸಿಯೂ ನೋಡಿದ್ದಾರೆ. ಅಂಥ ಕೆಲಸದ ಹೆಸರನ್ನು ಸುಮ್ನೆ 250 ರೂಪಾಯಿಯ ಹಾಳೆಗೆ ಅಂಟಿಸುವುದಾ?

ಅಂಟಿಸಿದರೆ ನಷ್ಟ ಏನು ಅನ್ನುವವರಿಗೆ ಇನ್ನೊಂದು ಮಾತು. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್ ಸರ್ಕಾರದ ಪರಮಾಣು ಸುರಕ್ಷತಾ ಸಂಸ್ಥೆ ‘5ಜಿಯಿಂದ ಕಾಪಾಡುವ’ ಸರ, ಬಳೆ ಇತ್ಯಾದಿ ಹತ್ತು ವಸ್ತುಗಳನ್ನು ಹಾಕಬೇಡಿ ಎಂದಿತು. ಅವುಗಳಲ್ಲೇ ವಿಕಿರಣ ಬಿಡುವ ವಸ್ತು ಇತ್ತು. ನನ್ನ ಸ್ಟಿಕ್ಕರಿನಲ್ಲಿ ಅದಿದೆ ಅನ್ನುತ್ತಿಲ್ಲ, ಆದರೆ ಒಳಗೆ ಏನಿದೆ ಅಂತ ಪ್ಯಾಕೆಟ್ ಮೇಲೂ ಬರೆದಿಲ್ಲ.

ಫೋನಿನ ಬಗ್ಗೆ ನಿಜವಾಗಿ ಹೆದರಿಕೆ ಇದ್ದರೆ *#07# ಒತ್ತಿ ನೋಡಿ, ಹೆಚ್ಚಿನ ಫೋನುಗಳಲ್ಲಿ ಸಾರ್ (SAR) ಮೌಲ್ಯ ಬರುತ್ತದೆ, ಅಂದರೆ ಫೋನಿನ ಅಲೆಯಿಂದ ದೇಹ ಹೀರುವ ಶಕ್ತಿಯ ಲೆಕ್ಕ. ನಮ್ಮ ದೇಶದ ಮಿತಿ ದೇಹದ ಕಿಲೋ ತೂಕಕ್ಕೆ 1.6 ವ್ಯಾಟ್. ಇಯರ್‌ಫೋನ್ ಹಾಕಿ ಮಾತಾಡಿದರೂ ಆಯಿತು. ಈಗಾಗಲೇ ತಂದವರು ಕಿತ್ತು ಹಾಕಿ. ಅಂಟು ಮಾತ್ರ ಭಾರೀ ಗಟ್ಟಿ, ತೆಂಗಿನೆಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಹೋಗುತ್ತದೆ.